ಅದು ಜಾಣಕಿವುಡಲ್ಲ

ಸಂಜೆ ಏಳರ ಹೊತ್ತು. ಗೌರಿಬಿದನೂರು ಸುತ್ತಿನ ಯಾವ ಹಳ್ಳಿಯ ಮನೆಯಾದರೂ ಆಗಬಹುದು. ನಡುಮನೆಯಲ್ಲಿ ಟಿ.ವಿ. ಅರಚುತ್ತಿದೆ. ಧಾರಾವಾಹಿಯ ಅತ್ತೆ ಸೊಸೆಯರ ಜಗಳ ಬೀದಿಯಲ್ಲಿ ಹಸು ಹೊಡೆದುಕೊಂಡು ಹೋಗುವವನಿಗೂ ತಿಳಿಯುವಷ್ಟು ಜೋರು. ಅಡುಗೆಮನೆಯಿಂದ ಸೊಸೆ ಕೂಗುತ್ತಾಳೆ: ‘ಮಾವಾ, ಬಸ್ಸಾರಿಗೆ ಸೊಪ್ಪು ತಂದ್ರಾ?’ ಜಗುಲಿಯಿಂದ ಉತ್ತರ ತಟ್ಟನೆ ಬರುತ್ತದೆ: ‘ಉಪ್ಪು ಡಬ್ಬಿ ತುಂಬಾ ಐತಲ್ಲಮ್ಮ!’

ಮೊಮ್ಮಗ ಕಿಸಕ್ಕನೆ ನಗುತ್ತಾನೆ. ಅಷ್ಟರಲ್ಲಿ ಬಾಗಿಲ ಮುಂದೆ ನಿಂತ ಹಳೆಯ ಗೆಳೆಯನೊಬ್ಬ ‘ಡೇರಿ ದುಡ್ಡು ಬಂತೇನಯ್ಯಾ?’ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾನೆ. ಅದು ಮಾತ್ರ ಮಾವನಿಗೆ ಅಕ್ಷರ ಬಿಡದೆ ಕೇಳಿಸುತ್ತದೆ. ಒಳಗೆ ಸೊಸೆ ಗೊಣಗುತ್ತಾಳೆ: ‘ಬೇಕಾದ್ದು ಕೇಳ್ಸುತ್ತೆ, ಬೇಡದ್ದು ಕೇಳ್ಸಲ್ಲ.’ ಇದಕ್ಕೆಂದೇ ಕನ್ನಡದಲ್ಲಿ ಒಂದು ಮಾತಿದೆ, ಜಾಣಕಿವುಡು.

ಆ ಗೊಣಗಾಟದಲ್ಲಿ ಅರ್ಧ ಸತ್ಯವಿದೆ. ಅವರಿಗೆ ಕೆಲವು ಕೇಳಿಸುವುದು, ಕೆಲವು ಕೇಳಿಸದಿರುವುದು ದಿಟ. ಆದರೆ ಆರಿಸುತ್ತಿರುವುದು ಮನಸ್ಸಲ್ಲ, ಕಿವಿ. ಗೆಳೆಯನದು ದಪ್ಪ ದನಿ, ಎದುರಿಗೇ ನಿಂತಿದ್ದಾನೆ, ತುಟಿ ಕಾಣುತ್ತದೆ, ಕೇಳಿದ ಪ್ರಶ್ನೆಯೂ ಹೊಸದಲ್ಲ. ಸೊಸೆಯದು ಸಣ್ಣ ದನಿ. ಗೋಡೆಯ ಆಚೆಯಿಂದ, ಒಗ್ಗರಣೆಯ ಚಟಪಟ ಮತ್ತು ಟಿ.ವಿ. ಗದ್ದಲ ಎರಡನ್ನೂ ದಾಟಿ ಬರಬೇಕು. ಕಿವಿ ಮಂದವಾಗತೊಡಗಿದಾಗ ಮೊದಲು ಕೈಕೊಡುವುದು ಇಂಥ ದನಿಯೇ.

ಕೇಳಿಸುತ್ತದೆ, ಗೊತ್ತಾಗುವುದಿಲ್ಲ

ಕಿವುಡು ಎಂದರೆ ನಿಶ್ಶಬ್ದ ಎಂದು ಬಹುಪಾಲು ಜನ ತಿಳಿದಿದ್ದಾರೆ. ವಯಸ್ಸಿನೊಡನೆ ಬರುವ ಶ್ರವಣದೋಷ ಹಾಗೆ ಬರುವುದಿಲ್ಲ. ಸದ್ದು ಇದ್ದೇ ಇರುತ್ತದೆ, ಅದರ ಅಂಚು ಮಾಸುತ್ತದೆ.

ನಮ್ಮ ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು. ಆ, ಊ, ಓ ಮೊದಲಾದ ಸ್ವರಗಳು ದಪ್ಪ, ಅಂದರೆ ಅವುಗಳ ಕಂಪನ ಕಡಿಮೆ ಆವರ್ತನದ್ದು. ಸ, ಶ, ಚ, ತ, ಕ, ಪ ಈ ವ್ಯಂಜನಗಳು ಕ್ಷಣಮಾತ್ರ ಸುಳಿಯುವ ತೆಳ್ಳನೆಯ ಸದ್ದುಗಳು. ಅವುಗಳ ಗುರುತು ಬಹುಪಾಲು ಇರುವುದು ಹೆಚ್ಚಿನ ಆವರ್ತನದಲ್ಲಿ. ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಪದಗಳಲ್ಲಿ ‘ಆಲು’ ಎಂಬುದು ಎಲ್ಲಕ್ಕೂ ಒಂದೇ. ಯಾವುದು ಯಾವುದೆಂದು ಹೇಳುವುದು ಮೊದಲ ವ್ಯಂಜನ ಮಾತ್ರ. ಅದು ಜಾರಿತೆಂದರೆ ಮಿದುಳು ಸಂದರ್ಭ ನೋಡಿ ಊಹಿಸಬೇಕು. ಹೈನುಗಾರಿಕೆಯ ಮನೆಯಲ್ಲಿ ‘ಹಾಲು’ ಎಂದು ಊಹಿಸಿದರೆ ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ. ಉಳಿದೆರಡು ಸಲ ಮನೆಮಂದಿ ನಗುತ್ತಾರೆ. ಸೊಪ್ಪು ಉಪ್ಪಾದದ್ದೂ ಹೀಗೆಯೇ.

ಕಿವಿ ಮಂದವಾದವರು ‘ಕೇಳಿಸುತ್ತೆ, ಆದರೆ ಗೊತ್ತಾಗಲ್ಲ’ ಎನ್ನುತ್ತಾರೆ. ಅವರ ಮಟ್ಟಿಗೆ ದೋಷ ಎದುರಿನವರದು. ‘ಈಗಿನ ಹುಡುಗರು ಬಾಯೊಳಗೇ ಮಾತಾಡ್ತಾರೆ’ ಎಂಬ ಆಕ್ಷೇಪಣೆ ಹಿರಿಯರ ಬಾಯಲ್ಲಿ ಹೊಸದಾಗಿ ಕೇಳಿಬಂದರೆ ಅದನ್ನು ತಲೆಮಾರಿನ ಜಗಳವೆಂದು ತಳ್ಳಿಹಾಕಬಾರದು. ಅದೊಂದು ಲಕ್ಷಣವೂ ಆಗಿರಬಹುದು.

ಬೇರೆ ಗುರುತುಗಳೂ ಇವೆ. ಟಿ.ವಿ. ಸದ್ದು ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಫೋನು ಯಾವಾಗಲೂ ಒಂದೇ ಕಿವಿಗೆ ಹೋಗುತ್ತದೆ. ಒಬ್ಬರ ಜತೆ ಮಾತು ಸರಾಗ, ನಾಲ್ಕು ಜನ ಸೇರಿದರೆ ಗೊಂದಲ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಲೆಕ್ಕ ತಪ್ಪುತ್ತದೆ. ಪಕ್ಕದ ಕೋಣೆಯಲ್ಲಿ ಮೊಬೈಲ್ ಹೊಡೆದುಕೊಂಡರೂ ತಿಳಿಯುವುದಿಲ್ಲ. ಕೆಲವರಿಗೆ ಕಿವಿಯೊಳಗೆ ಜೀರುಂಡೆ ಕೂತಂತೆ ಗುಂಯ್‌ಗುಡುವ ಸದ್ದು, ಅದೂ ರಾತ್ರಿ ಎಲ್ಲ ಸ್ತಬ್ಧವಾದಾಗ ಜಾಸ್ತಿ. ಒಳಗಿವಿಯ ದೋಷವಿದ್ದವರು ತಮ್ಮ ದನಿಯೇ ತಮಗೆ ಸಾಲದೆ ಏರಿಸಿ ಮಾತಾಡುತ್ತಾರೆ. ನಡುಗಿವಿಯ ದೋಷವಿದ್ದವರಿಗೆ ಸ್ವಂತ ದನಿ ತಲೆಯೊಳಗೇ ಗುಂಯ್‌ಗುಟ್ಟುವುದರಿಂದ ಮೆಲ್ಲಗೆ ಮಾತಾಡುವುದುಂಟು.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವ ಲಕ್ಷಣ ಮೌನ. ಮದುವೆ ಛತ್ರದಲ್ಲಿ ಮೂಲೆಯ ಕುರ್ಚಿ ಹಿಡಿದು ಕೂರುವುದು, ಎಲ್ಲರೂ ನಕ್ಕಾಗ ಅರೆಗಳಿಗೆ ತಡವಾಗಿ ನಗುವುದು, ಏನು ಹೇಳಿದರೂ ‘ಹೂಂ’ ಎಂದು ತಲೆಯಾಡಿಸುವುದು. ದಿನವಿಡೀ ಮಾತನ್ನು ಊಹಿಸಿ ಊಹಿಸಿ ಮಿದುಳು ಬಳಲುತ್ತದೆ. ಸಂಜೆಯಾಗುತ್ತಲೇ ಅವರು ಸಿಡುಕುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ಮನೆಯವರು ಅದನ್ನು ವಯಸ್ಸಿನ ಹಟ ಎನ್ನುತ್ತಾರೆ, ಮರೆವು ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆ. ಭಾರತದಲ್ಲಿ ಎಲ್ಲ ವಯಸ್ಸಿನವರೂ ಸೇರಿ ಸುಮಾರು 6.3 ಕೋಟಿ ಜನ ಎಂಬುದು ಸರ್ಕಾರಿ ಕಿವುಡು ತಡೆ ಕಾರ್ಯಕ್ರಮದ ದಾಖಲೆಗಳು ಆಧಾರವಾಗಿಟ್ಟುಕೊಂಡಿರುವ ಅಂದಾಜು. ಇವರು ಪರೀಕ್ಷೆಗೆ ಹೋಗುವುದು ಬಹಳ ತಡವಾಗಿ. ಹೋದವರೂ ಬೇಗ ಶ್ರವಣಯಂತ್ರ ಹಾಕಿಕೊಳ್ಳುವುದಿಲ್ಲ. ಯಂತ್ರ ಬೇಕೆಂದು ಪರೀಕ್ಷೆ ತೋರಿಸಿದ ದಿನದಿಂದ ಅದನ್ನು ಹಾಕಿಕೊಳ್ಳುವವರೆಗೆ ಸರಾಸರಿ ಸುಮಾರು 9 ವರ್ಷ ಕಳೆಯುತ್ತದೆ ಎಂದು 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಲೆಕ್ಕ ಹಾಕಿತು. ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟರಿಗೆ ಕೊರತೆಯಿಲ್ಲದ ದೇಶದಲ್ಲಿ ಇಷ್ಟು!

ತೇವ ಹಿಡಿದ ತಮಟೆ

ಗೌರಿಬಿದನೂರು ಸೇರಿದ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ತಮಟೆಯನ್ನು ಪರಿಚಯಿಸುವ ಅಗತ್ಯವಿಲ್ಲ. ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ವಾದನಕ್ಕೆ. ಕಿವಿಯೊಳಗಿನ ಪೊರೆಗೂ ಕನ್ನಡದಲ್ಲಿ ತಮಟೆ ಎಂದೇ ಹೆಸರು, ಮತ್ತು ಹೋಲಿಕೆ ಹೆಸರಿಗೇ ನಿಲ್ಲುವುದಿಲ್ಲ.

ಹೊರಗಿನ ಸದ್ದು ಕಾಲುವೆಯಂಥ ದಾರಿಯಲ್ಲಿ ಒಳಹೋಗಿ ಕಿವಿತಮಟೆಯನ್ನು ನಡುಗಿಸುತ್ತದೆ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟಾಣಿ ಮೂಳೆಗಳು. ರಿಕಾಪಿನ ಉದ್ದ ಸುಮಾರು 3 ಮಿಲಿಮೀಟರ್, ಮನುಷ್ಯನ ಮೈಯಲ್ಲೇ ಅತಿ ಚಿಕ್ಕ ಮೂಳೆ. ಇವು ನಡುಕವನ್ನು ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಳಗಿವಿಗೆ ದಾಟಿಸುತ್ತವೆ. ಅಲ್ಲಿರುವ ಸುಮಾರು 15,000 ಕೇಶಕೋಶಗಳು ನಡುಕವನ್ನು ವಿದ್ಯುತ್ ಸಂಕೇತವಾಗಿಸಿ ಮಿದುಳಿಗೆ ಕಳಿಸುತ್ತವೆ.

ತೊಂದರೆ ದಾರಿಯಲ್ಲಿದೆಯೋ ಒಳಗಿವಿಯಲ್ಲಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ದಾರಿಯಲ್ಲಿ ಗುಗ್ಗೆ ಗಟ್ಟಿಯಾಗಿ ಅಡ್ಡ ಕೂತಿರಬಹುದು. ವೈದ್ಯರು ತೆಗೆದರೆ ಹತ್ತು ನಿಮಿಷದಲ್ಲಿ ಲೋಕ ಮರಳುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ತಮಟೆ ಡಬಡಬ ಎನ್ನುವುದನ್ನು ಎಲ್ಲರೂ ಬಲ್ಲರು, ಬೆಂಕಿಗೆ ಕಾಯಿಸಿದ ಮೇಲೆಯೇ ಅದಕ್ಕೆ ನಾದ. ನೆಗಡಿ, ಗಂಟಲುನೋವು ಮರುಕಳಿಸುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತಾಗ ಆಗುವುದೂ ಅದೇ. ಮಗು ಶಾಲೆಯಲ್ಲಿ ಗಮನ ಕೊಡುತ್ತಿಲ್ಲ ಎಂದು ಮೇಷ್ಟರು ದೂರುತ್ತಾರೆ, ಕಿವಿಯೊಳಗೆ ತಮಟೆ ಒದ್ದೆಯಾಗಿರುತ್ತದೆ. ಈ ತಮಟೆಯನ್ನು ಕಾಯಿಸುವಂತಿಲ್ಲ. ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಹೇರ್‌ಪಿನ್ನು, ಬೆಂಕಿಕಡ್ಡಿ, ಕೋಳಿಪುಕ್ಕ ಯಾವುದೂ ಅಲ್ಲಿಗೆ ಹೋಗಬಾರದು. ಕಿವಿ ಸೋರುವುದನ್ನು ‘ಮಕ್ಕಳಿಗೆ ಇದ್ದದ್ದೇ’ ಎಂದು ಬಿಟ್ಟರೆ ತೂತು ಉಳಿದುಕೊಂಡು ಮೂಳೆಗಳೇ ಸವೆಯುವುದುಂಟು. ಹೊತ್ತಿಗೆ ಸರಿಯಾಗಿ ಬಂದರೆ ಇದಕ್ಕೆ ಔಷಧವಿದೆ, ಶಸ್ತ್ರಚಿಕಿತ್ಸೆಯಿದೆ.

ಒಳಗಿವಿಯ ಕಥೆ ಬೇರೆ. ಕೇಶಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಬಾಗಿಲ ಬಳಿ ಹೆಚ್ಚಿನ ಆವರ್ತನದ ಸದ್ದು ಹಿಡಿಯುವ ಕೋಶಗಳಿವೆ, ದಪ್ಪ ಸದ್ದಿನವು ಒಳತುದಿಯಲ್ಲಿ. ವಯಸ್ಸು, ಗದ್ದಲ, ಕೆಲವು ಔಷಧಗಳು ಮೊದಲು ಹೊಡೆಯುವುದು ಬಾಗಿಲ ಬಳಿಯವರನ್ನು. ಸೊಸೆಯ ದನಿ ಹೋಗಿ ಗೆಳೆಯನ ದನಿ ಉಳಿಯುವುದರ ಗುಟ್ಟು ಇಷ್ಟೇ.

ಕೂಗಿ ಮಾತಾಡುವ ಕೆಲಸಗಳು

ಗದ್ದಲದ ಅಳತೆ ಡೆಸಿಬೆಲ್. ಪಿಸುಮಾತು ಸುಮಾರು 30, ಸಾಮಾನ್ಯ ಮಾತು 60. ಈ ಅಳತೆಯ ಲೆಕ್ಕ ಮೋಸಗೊಳಿಸುವಂಥದ್ದು. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, 10 ಏರಿದರೆ ಹತ್ತರಷ್ಟು. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂದಾದರೆ 88ರಲ್ಲಿ ನಾಲ್ಕೇ ಗಂಟೆ, 91ರಲ್ಲಿ ಎರಡು. ಭಾರತದ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್‌ವರೆಗೆ ಬಿಡುತ್ತವೆ. ಕಿವಿಗೆ ಅದು ಉದಾರವೇ ಸರಿ.

ಅಳೆಯುವ ಯಂತ್ರ ಬೇಡ. ಕೈಯಳತೆ ದೂರದಲ್ಲಿರುವವರಿಗೆ ದನಿ ಏರಿಸದೆ ಮಾತು ಮುಟ್ಟದಿದ್ದರೆ ಅಲ್ಲಿ 85 ದಾಟಿದೆ ಎಂದು ತಿಳಿಯಬಹುದು. ಈ ಅಳತೆಗೋಲು ಹಿಡಿದು ಜಿಲ್ಲೆಯನ್ನು ಒಮ್ಮೆ ಸುತ್ತಿಬಂದರೆ ಸಾಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಯಂತ್ರಗಳ ಮನೆ, ಪಕ್ಕದ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು, ಬೆಟ್ಟದ ಬುಡದ ಜಲ್ಲಿ ಕ್ರಷರು, ಮರೆಯಿಲ್ಲದ ಹಳೆ ಟ್ರ್ಯಾಕ್ಟರು, ಒಕ್ಕಣೆ ಯಂತ್ರ, ಗಣೇಶನ ಮೆರವಣಿಗೆಯ ಡಿ.ಜೆ. ಮಗ್ಗದ ಮನೆಯಲ್ಲಿ ಮೂವತ್ತು ವರ್ಷ ದುಡಿದವರು ತುಟಿ ನೋಡಿಯೇ ಮಾತು ಓದುತ್ತಾರೆ. ಅದನ್ನು ಅವರೂ ಕಸುಬಿನ ಚಾಕಚಕ್ಯತೆ ಎಂದೇ ಎಣಿಸುತ್ತಾರೆ. ಗದ್ದಲದಿಂದ ಬರುವ ಶ್ರವಣದೋಷ ಕಾರ್ಮಿಕ ಕಾನೂನಿನ ಪಟ್ಟಿಯಲ್ಲಿ ವರದಿ ಮಾಡಲೇಬೇಕಾದ ವೃತ್ತಿರೋಗ. ಆದರೆ ಸಣ್ಣ ಶೆಡ್ಡುಗಳಲ್ಲಿ ದುಡಿಯುವವರಿಗೆ ಹತ್ತು ಹದಿನೈದು ರೂಪಾಯಿಯ ಸ್ಪಂಜಿನ ಕಿವಿಬಿರಡೆ ಕೊಡುವವರೂ ಅಪರೂಪ.

ಇಯರ್‌ಫೋನಿನ ಹುಡುಗರನ್ನು ಬೈಯುವುದು ಸುಲಭ, ಅಳತೆ ಹೇಳುವುದು ಉಪಯುಕ್ತ: ವಾರಕ್ಕೆ 40 ಗಂಟೆ, 80 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಅದು.

ಇನ್ನು ಔಷಧ. ಜೆಂಟಾಮೈಸಿನ್, ಅಮಿಕಾಸಿನ್, ಹಿಂದೆ ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಇವು ಜೀವ ಉಳಿಸುವಾಗಲೇ ಕೆಲವರ ಕಿವಿ ಕೆಡಿಸುತ್ತವೆ. ಇಂಥ ಚಿಕಿತ್ಸೆ ನಡೆಯುವಾಗ ಕಿವಿಯಲ್ಲಿ ಗುಂಯ್ ಶುರುವಾದರೆ ಅಂದೇ ವೈದ್ಯರಿಗೆ ತಿಳಿಸಬೇಕು.

ಒಂದು ಮಾತು ಇಲ್ಲೇ ಬೇರೆಯಾಗಿ ಹೇಳಬೇಕು. ರಾತ್ರಿ ಸರಿಯಿದ್ದು ಬೆಳಿಗ್ಗೆ ಏಳುವಾಗ ಒಂದು ಕಿವಿ ಮುಚ್ಚಿಹೋಗಿದ್ದರೆ ಅದು ‘ನೋಡೋಣ, ಬಿಟ್ಟುಕೊಳ್ಳುತ್ತೆ’ ಎಂದು ಕಾಯುವ ವಿಷಯವಲ್ಲ. ಗುಗ್ಗೆ, ನೆಗಡಿ ಇಲ್ಲದೆ ಹೀಗಾದರೆ ಅದು ತುರ್ತು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವೇ ದಿನಗಳಲ್ಲಿ ಶುರುವಾದರೆ ಫಲ ಹೆಚ್ಚು, ಎರಡು ವಾರ ದಾಟಿದರೆ ಭರವಸೆ ತೀರ ಕುಗ್ಗುತ್ತದೆ.

‘ನಮ್ಮ ವಂಶದಲ್ಲೇ ಮಾತು ತಡ’

ದೊಡ್ಡವರು ತಡಮಾಡಿದರೆ ಮಾತುಕತೆ ಹೋಗುತ್ತದೆ. ಮಗುವಿನ ವಿಷಯದಲ್ಲಿ ತಡಮಾಡಿದರೆ ಮಾತೇ ಹುಟ್ಟುವುದಿಲ್ಲ. ಮಿದುಳು ಭಾಷೆ ಕಲಿಯುವ ಬಾಗಿಲು ಮೊದಲ ಎರಡು ಮೂರು ವರ್ಷಗಳಲ್ಲಿ ಅಗಲವಾಗಿ ತೆರೆದಿರುತ್ತದೆ. ಆದ್ದರಿಂದಲೇ ತಜ್ಞರು 1-3-6 ಎಂಬ ಲೆಕ್ಕ ಹೇಳುತ್ತಾರೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು.

ಮನೆಗಳಲ್ಲಿ ನಡೆಯುವುದು ಬೇರೆ. ಒಂದೂವರೆ ವರ್ಷವಾದರೂ ಅಮ್ಮ, ಅತ್ತ ಎನ್ನದ ಮಗುವಿಗೆ ಅಜ್ಜಿಯ ರಕ್ಷಣೆ ಸಿಗುತ್ತದೆ: ‘ನಮ್ಮ ವಂಶದಲ್ಲೇ ಮಾತು ತಡ, ಇವರಪ್ಪ ಮೂರು ವರ್ಷಕ್ಕೆ ಬಾಯಿ ಬಿಟ್ಟ.’ ಅನುಮಾನ ಬಂದವರು ಹಿಂದಿನಿಂದ ತಟ್ಟೆ ಬಡಿದು ನೋಡುತ್ತಾರೆ. ಮಗು ತಿರುಗುತ್ತದೆ, ಎಲ್ಲರಿಗೂ ಸಮಾಧಾನ. ತಟ್ಟೆಯ ಸದ್ದು ಮಾತಿಗಿಂತ ಎಷ್ಟೋ ಪಾಲು ದೊಡ್ಡದು, ನೆಲದ ಅದುರು, ನೆರಳಿನ ಚಲನೆಗೂ ಮಗು ತಿರುಗಿರಬಹುದು. ತಟ್ಟೆ ಕೇಳಿಸಿತೆಂದರೆ ಲಾಲಿ ಕೇಳಿಸುತ್ತದೆ ಎಂದಲ್ಲ.

ಹುಟ್ಟಿನಿಂದಲೋ ಎಳವೆಯಲ್ಲೋ ಬರುವ ಕಿವುಡಿಗೆ ಕಾರಣ ಹಲವು. ಗರ್ಭದಲ್ಲಿದ್ದಾಗ ತಾಯಿಗೆ ತಗಲಿದ ರುಬೆಲ್ಲಾ, ದಿನ ತುಂಬದ ಹೆರಿಗೆ, ತೂಕ ಕಡಿಮೆ, ವಿಪರೀತ ಕಾಮಾಲೆ, ಮಿದುಳುಪೊರೆಯ ಸೋಂಕು. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲಿ 2017ರ ಫೆಬ್ರುವರಿಯಲ್ಲಿ ಶುರುವಾದಾಗ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇನ್ನೊಂದು ಕಾರಣ ಮನೆಮನೆಯ ವಿಷಯವಾದ್ದರಿಂದ ಯಾರೂ ಜೋರಾಗಿ ಹೇಳುವುದಿಲ್ಲ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾದಾಗ, ಇಬ್ಬರಲ್ಲೂ ಅಡಗಿದ್ದ ಒಂದೇ ದೋಷವಂಶವಾಹಿ ಮಗುವಿನಲ್ಲಿ ಜೋಡಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಹಾಗೆಂದು ಪ್ರತಿ ಮಗುವಿಗೂ ಆಗುತ್ತದೆ ಎಂದಲ್ಲ. ಇಂಥ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯನ್ನು ಮೊದಲ ತಿಂಗಳಲ್ಲೇ ನೋಡಿಸುವುದು ಜಾಣತನ.

ಸದ್ದು ಕೇಳಿಸಿತೆಂದು ಎಳೆಗೂಸು ದೊಡ್ಡವರಂತೆ ಗುಂಡಿ ಒತ್ತಿ ಹೇಳಲಾರದು. ಅದಕ್ಕೆಂದೇ ಬೇರೆ ಪರೀಕ್ಷೆಗಳಿವೆ. ಒ.ಎ.ಇ. ಎಂಬುದರಲ್ಲಿ ಪುಟ್ಟ ಬಿರಡೆಯೊಂದನ್ನು ಕಿವಿಗಿಟ್ಟು ಸದ್ದು ಕಳಿಸುತ್ತಾರೆ. ಆರೋಗ್ಯವಂತ ಒಳಗಿವಿ ತಾನೂ ಒಂದು ಕ್ಷೀಣ ಪ್ರತಿಧ್ವನಿ ಹಿಂತಿರುಗಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ‘ಬೆರಾ’ ಪರೀಕ್ಷೆಯಲ್ಲಿ ಮಲಗಿರುವ ಮಗುವಿನ ತಲೆಗೆ ತಂತಿ ಅಂಟಿಸಿ, ಸದ್ದಿಗೆ ಕಿವಿಯ ನರ ಸ್ಪಂದಿಸುತ್ತಿದೆಯೇ ಎಂದು ನೋಡುತ್ತಾರೆ. ಎರಡರಲ್ಲೂ ನೋವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರು ನೋಡಬೇಕಾದ ದೋಷಗಳ ಪಟ್ಟಿಯಲ್ಲಿ ಕಿವಿಯೂ ಇದೆ. ತೀವ್ರ ದೋಷದ ಪುಟ್ಟ ಮಕ್ಕಳಿಗೆ ಒಳಗಿವಿಯಲ್ಲಿ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ರಾಜ್ಯ ಸರ್ಕಾರದ ‘ಶ್ರವಣ ಸಂಜೀವಿನಿ’ ಯೋಜನೆ ನೆರವಾಗುತ್ತದೆ. ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ. ‘ಮೂರು ವರ್ಷಕ್ಕೆ ಬಾಯಿ ಬಿಡುತ್ತಾನೆ’ ಎಂದು ಕಾದವರ ಕೈಯಲ್ಲಿ ಉಳಿಯುವ ಕಾಲ ಎಷ್ಟೆಂಬುದನ್ನು ಅವರೇ ಲೆಕ್ಕ ಹಾಕಬಹುದು.

ಆಲಿಸುವ ಊರು, ಸದ್ದಿಲ್ಲದ ಕೋಣೆ

ಗೌರಿಬಿದನೂರಿಗೆ ಹೊರಗಿನವರು ಅಷ್ಟಾಗಿ ಅರಿಯದ ಒಂದು ಹೆಗ್ಗಳಿಕೆಯಿದೆ. ಇದು ಆಲಿಸುವ ಊರು. ದೂರದೇಶದ ನೆಲದಡಿಯ ಅಣುಸ್ಫೋಟಗಳನ್ನೂ ಭೂಕಂಪಗಳನ್ನೂ ಹಿಡಿಯಲೆಂದು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು 1965ರಿಂದ ಇಲ್ಲಿದೆ. 1976ರಿಂದ ರೇಡಿಯೊ ಖಗೋಳ ವೀಕ್ಷಣಾಲಯ ಬಯಲಲ್ಲಿ ಆಂಟೆನಾ ಹರಡಿ ಸೂರ್ಯ, ನಕ್ಷತ್ರಗಳ ರೇಡಿಯೊ ಅಲೆ ಹಿಡಿಯುತ್ತಿದೆ. ಇವು ಎರಡೂ ನಮ್ಮ ಕಿವಿಗೆ ಕೇಳುವ ಸದ್ದಲ್ಲ, ನಿಜ. ಆದರೆ ಇಂಥ ಕೇಂದ್ರಗಳನ್ನು ಗಟ್ಟಿ ಬಂಡೆಯ, ಗದ್ದಲ ಕಡಿಮೆಯ ಜಾಗ ಹುಡುಕಿ ಕಟ್ಟುವುದರ ಕಾರಣ ಕಿವಿ ಪರೀಕ್ಷೆಗೂ ಅನ್ವಯಿಸುತ್ತದೆ. ಕ್ಷೀಣವಾದದ್ದನ್ನು ಹಿಡಿಯಬೇಕಾದರೆ ಸುತ್ತ ಸದ್ದಿರಬಾರದು.

ಅದೇ 1965ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಜನರ ಬಾಯಲ್ಲಿ ಅದು ‘ಆಯಿಷ್’. ಕಿವಿ ಮತ್ತು ಮಾತಿನ ದೋಷಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಕನ್ನಡ ನಾಡಿನಲ್ಲೇ ಇದೆ.

ಪರೀಕ್ಷೆಯ ದಿನ ಏನಾಗುತ್ತದೆ? ಮೊದಲು ಇಎನ್‌ಟಿ ವೈದ್ಯರು ದೀಪದ ಕೊಳವೆಯಿಂದ ಕಿವಿಯೊಳಗೆ ನೋಡುತ್ತಾರೆ. ಗುಗ್ಗೆಯಿದ್ದರೆ ತೆಗೆಯುತ್ತಾರೆ. ಕವೆಯಂಥ ಉಕ್ಕಿನ ಶ್ರುತಿಕವಲನ್ನು ಬಡಿದು ಕಿವಿಯ ಹತ್ತಿರ ಹಿಡಿಯುತ್ತಾರೆ, ಆಮೇಲೆ ಕಿವಿಯ ಹಿಂದಿನ ಮೂಳೆಗೆ ಊರುತ್ತಾರೆ. ರಿನ್ನೆ ಎಂಬ ಜರ್ಮನ್ ವೈದ್ಯ 1855ರಲ್ಲಿ ವಿವರಿಸಿದ ಉಪಾಯ ಇದು. ದೋಷ ದಾರಿಯದೋ ಒಳಗಿವಿಯದೋ ಎಂಬ ಮೊದಲ ಸುಳಿವು ಈಗಲೂ ಇದರಿಂದಲೇ ಸಿಗುತ್ತದೆ.

ಆಮೇಲೆ ಆಡಿಯಾಲಜಿಸ್ಟರ ಸದ್ದಿಲ್ಲದ ಕೋಣೆ. ಬಾಗಿಲು ಮುಚ್ಚಿದರೆ ಫ್ಯಾನಿನ ಸದ್ದೂ ಇಲ್ಲ. ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ‘ಟೂಂ’ ಎಂಬ ಸದ್ದು ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಬೇಕು. 250 ಹರ್ಟ್ಸ್‌ನ ದಪ್ಪ ಸದ್ದಿನಿಂದ 8,000 ಹರ್ಟ್ಸ್‌ನ ಕೀರಲು ಸದ್ದಿನವರೆಗೆ ಒಂದೊಂದು ಕಿವಿಗೂ ಬೇರೆ ಬೇರೆ ಪರೀಕ್ಷೆ. ಬಳಿಕ ಕಿವಿಯ ಹಿಂದಿನ ಮೂಳೆಗೆ ಚಿಕ್ಕ ಅದುರುಗವನ್ನಿಟ್ಟು ಮತ್ತೊಮ್ಮೆ. ಎಲ್ಲ ಸೇರಿ ಅರ್ಧ ಗಂಟೆಯ ಆಸುಪಾಸು. ಇಲ್ಲಿ ಪಾಸು ಫೇಲು ಇಲ್ಲ. ಊಹೆಯಿಂದ ಒತ್ತಿ ಗೆಲ್ಲಲು ಹೋಗುವ ಯಜಮಾನರನ್ನು ಆಡಿಯಾಲಜಿಸ್ಟರು ಬೇಗ ಪತ್ತೆಮಾಡುತ್ತಾರೆ.

ಹಿಂದಿನ ದಿನದಿಂದಲೇ ಟ್ರ್ಯಾಕ್ಟರು, ಕ್ರಷರು, ಡಿ.ಜೆ.ಯಿಂದ ದೂರವಿರುವುದು ಒಳ್ಳೆಯದು. ಗದ್ದಲ ಕೇಳಿದ ಕಿವಿ ತಾತ್ಕಾಲಿಕವಾಗಿ ಮಂದವಾಗಿ ಪರೀಕ್ಷೆಯ ಲೆಕ್ಕ ತಪ್ಪಿಸುತ್ತದೆ. ತೆಗೆದುಕೊಳ್ಳುವ ಔಷಧಗಳ ಚೀಟಿ ಜತೆಯಲ್ಲಿರಲಿ. ಮನೆಯಲ್ಲಿ ಯಾರ ಮಾತು ಅತಿ ಕಡಿಮೆ ತಿಳಿಯುತ್ತದೋ ಅವರನ್ನೇ ಕರೆದುಕೊಂಡು ಹೋಗಬೇಕು. ಸೊಸೆಯೇ ಆದರೆ ಇನ್ನೂ ಒಳ್ಳೆಯದು, ನಿಜವಾದ ದೂರು ಅವಳ ಬಳಿ ಇರುತ್ತದೆ.

ಬೋರ್‌ವೆಲ್‌ನಂಥ ನಕ್ಷೆ

ಪರೀಕ್ಷೆ ಮುಗಿದ ಮೇಲೆ ಸಿಗುವ ಕಾಗದ ಆಡಿಯೊಗ್ರಾಂ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಸಾವಿರ ಅಡಿಯ ಬೋರ್‌ವೆಲ್ ಸುದ್ದಿಯೇ ಅಲ್ಲದ ಈ ಜಿಲ್ಲೆಯವರಿಗೆ ಇದನ್ನು ಓದುವುದು ಕಷ್ಟವಲ್ಲ. ಮೇಲಿನ ಗೆರೆ ನೆಲಮಟ್ಟ. ಎಷ್ಟು ಕೆಳಗಿಳಿದಾಗ ನೀರು ಸಿಕ್ಕಿತು, ಅಂದರೆ ಎಷ್ಟು ಡೆಸಿಬೆಲ್‌ಗೆ ಸದ್ದು ಕೇಳಿಸಿತು ಎಂಬುದೇ ಆ ಗುರುತು. ಹಳೆಯ ಕಾಲದ ಬಾವಿಯಂತೆ 20ರೊಳಗೆ ಸಿಕ್ಕರೆ ಕಿವಿ ಚೆನ್ನಾಗಿದೆ. 20ರಿಂದ 35ರವರೆಗೆ ಅಲ್ಪ ದೋಷ, 35ರಿಂದ 50ರವರೆಗೆ ಮಧ್ಯಮ. 80 ದಾಟಿದರೆ ಕಿವಿಯ ಹತ್ತಿರ ಕೂಗಿದರೂ ಮಾತು ತಿಳಿಯುವುದು ಕಷ್ಟ.

ಅಂಕಿಗಿಂತ ಗೆರೆಯ ಇಳಿಜಾರು ಹೆಚ್ಚು ಹೇಳುತ್ತದೆ. ಎಡದಲ್ಲಿ ಮೇಲಿದ್ದು ಬಲಕ್ಕೆ ಹೋಗುತ್ತ ಜಾರಿದರೆ ಅದು ವಯಸ್ಸಿನ ರೀತಿ. 4,000 ಹರ್ಟ್ಸ್‌ನ ಸುಮಾರಿಗೆ ಹಳ್ಳ ಬಿದ್ದು ಮತ್ತೆ ಮೇಲೆದ್ದರೆ ಗದ್ದಲದ ಕೆಲಸದ ಗುರುತು. ಮೂಳೆಯಿಂದ ಕೇಳಿದ್ದು ಚೆನ್ನಾಗಿದ್ದು ಗಾಳಿಯಿಂದ ಕೇಳಿದ್ದು ಕೆಟ್ಟಿದ್ದರೆ ತೊಂದರೆ ದಾರಿಯದು, ಬಹಳ ಸಲ ಸರಿಪಡಿಸುವಂಥದ್ದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ದೋಷವಿದ್ದವರನ್ನು ಮಂದಶ್ರವಣರೆಂದೂ 70 ಅಥವಾ ಹೆಚ್ಚಿದ್ದವರನ್ನು ಕಿವುಡರೆಂದೂ ಗುರುತಿಸುತ್ತದೆ. ಪ್ರಮಾಣಪತ್ರ, ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯ ಶ್ರವಣಯಂತ್ರ ಇವುಗಳ ದಾರಿ ಈ ಕಾಗದದಿಂದಲೇ ತೆರೆಯುತ್ತದೆ. ಆದ್ದರಿಂದ ಅದನ್ನು ಆಧಾರ್ ಕಾರ್ಡಿನ ಪಕ್ಕದಲ್ಲೇ ಇಟ್ಟುಕೊಳ್ಳುವುದು ವಾಸಿ.

ಟೂಂ ಸದ್ದು ಕೇಳಿಸಿದರೆ ಸಾಲದು, ಮಾತು ತಿಳಿಯಬೇಕು. ಅದಕ್ಕೇ ಪದಪರೀಕ್ಷೆ. ಆಡಿಯಾಲಜಿಸ್ಟರು ಪದ ಹೇಳುತ್ತಾರೆ, ತಿರುಗಿ ಹೇಳಬೇಕು. ಕನ್ನಡದ ಉಚ್ಚಾರಕ್ಕೆ ಒಪ್ಪುವ ಪದಪಟ್ಟಿಗಳನ್ನು ಮೈಸೂರಿನ ಸಂಸ್ಥೆ ತಯಾರಿಸಿದೆ. ಆಂಧ್ರಕ್ಕೆ ಅಂಟಿದ ಈ ಗಡಿಸೀಮೆಯ ಸೂಕ್ಷ್ಮ ಇಲ್ಲಿದೆ. ಸಂತೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಎಂಬ ಕುಟುಂಬಗಳು ಗೌರಿಬಿದನೂರು, ಚಿಂತಾಮಣಿ ಕಡೆ ಲೆಕ್ಕವಿಲ್ಲದಷ್ಟು. ಶಿಡ್ಲಘಟ್ಟದ ಅನೇಕ ರೇಷ್ಮೆ ರೀಲರುಗಳ ಮನೆಮಾತು ಉರ್ದು. ತೊಟ್ಟಿಲಲ್ಲಿ ಕೇಳಿದ ಭಾಷೆಯಲ್ಲಿ ಊಹಿಸುವುದು ಸುಲಭ, ಆಮೇಲೆ ಕಲಿತದ್ದರಲ್ಲಿ ಕಷ್ಟ. ಕನ್ನಡ ಪದ ತಪ್ಪಿದ್ದು ಕಿವಿಯಿಂದಲೋ ಭಾಷೆಯಿಂದಲೋ ಎಂಬ ಗೊಂದಲ ಬಾರದಿರಲು ‘ನಮ್ಮ ಮನೆಮಾತು ಇದು’ ಎಂದು ಮೊದಲೇ ಹೇಳಿಬಿಡಬೇಕು.

ಎಲ್ಲಿಗೆ ಹೋಗುವುದು

ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ಗುಗ್ಗೆ, ಸೋರಿಕೆ, ತೂತು ಅಲ್ಲೇ ತಿಳಿಯುತ್ತದೆ. ಆಡಿಯೊಮೆಟ್ರಿಗೆ, ಅಂದರೆ ಗುಂಡಿ ಒತ್ತುವ ಆ ಪರೀಕ್ಷೆಗೆ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಯಾವ ವಾರ ಪರೀಕ್ಷೆ ಮಾಡುತ್ತಾರೆಂದು ಮುಂಚೆಯೇ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರಲ್ಲಿ ಉದ್ಘಾಟನೆಯಾದ ಉಚಿತ ವೈದ್ಯಕೀಯ ಕಾಲೇಜು ಇನ್ನೊಂದು ಹತ್ತಿರದ ಜಾಗ. ಬೆಂಗಳೂರಿಗೆ ಗೌರಿಬಿದನೂರಿನಿಂದ ರೈಲಿದೆ. ಅಲ್ಲಿ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ನಿಮ್ಹಾನ್ಸ್‌ನ ವಾಕ್ ಶ್ರವಣ ವಿಭಾಗ ಇವೆ. ಮಗುವಿನ ದೋಷ ಜಟಿಲವಾಗಿದ್ದರೆ ಮೈಸೂರಿನ ಆಯಿಷ್.

‘ಉಚಿತ ಕಿವಿ ಪರೀಕ್ಷೆ’ ಎಂಬ ಫಲಕಗಳೂ ಊರಲ್ಲಿ ಕಾಣುತ್ತವೆ. ಬಸ್ಸಿನ ಹಾರ್ನು ಕೇಳುವ ಅಂಗಡಿಯಲ್ಲಿ ಮಾಡಿದ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ದೋಷ ತೋರಿಸುತ್ತದೆ. ಯಂತ್ರ ಮಾರುವವರಿಗೆ ಅದರಿಂದ ನಷ್ಟವೇನಿಲ್ಲ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟರೇ ಎಂದು ಕೇಳುವುದು, ಆಡಿಯೊಗ್ರಾಂ ಕಾಗದ ಕೈಗೆ ಕೊಡಿ ಎನ್ನುವುದು ಗ್ರಾಹಕರ ಹಕ್ಕು.

ಯಂತ್ರ ಬಂದ ಮೊದಲ ತಿಂಗಳು

ಶ್ರವಣಯಂತ್ರ ಕನ್ನಡಕದಂತಲ್ಲ. ಕನ್ನಡಕ ಹಾಕಿದ ಗಳಿಗೆಯಲ್ಲೇ ಅಕ್ಷರ ತಿಳಿಯಾಗುತ್ತದೆ. ಯಂತ್ರ ಹಾಕಿದ ಗಳಿಗೆಯಲ್ಲಿ ಲೋಕವೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಚಪ್ಪಲಿಯ ಸರಪರ, ಪಾತ್ರೆಯ ಸದ್ದು, ಫ್ಯಾನು, ತಾನೇ ನಿಪ್ಪಟ್ಟು ಅಗಿಯುವ ಶಬ್ದ. ವರ್ಷಗಟ್ಟಲೆ ಇವನ್ನು ಮರೆತಿದ್ದ ಮಿದುಳಿಗೆ ಯಾವುದನ್ನು ಕಡೆಗಣಿಸಬೇಕೆಂದು ಮತ್ತೆ ಕಲಿಯಲು ಕೆಲವು ವಾರ ಬೇಕು. ಬಹಳ ಮಂದಿ ಮೂರನೇ ದಿನಕ್ಕೇ ‘ಬರೀ ಗಲಾಟೆ’ ಎಂದು ತೆಗೆದಿಡುತ್ತಾರೆ. ಮೊದಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ, ಆಮೇಲೆ ಬೀದಿ, ಕೊನೆಗೆ ಛತ್ರ ಹೀಗೆ ಹೆಚ್ಚಿಸುತ್ತ ಹೋಗುವುದು ಕ್ರಮ. ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಯಂತ್ರವಿದ್ದಾಗ ಗದ್ದಲದಲ್ಲಿ ಮಾತು ಹೆಚ್ಚು ತಿಳಿಯುತ್ತದೆ.

ಯಂತ್ರ ಸವೆದ ಅಂಚನ್ನು ಪೂರ್ತಿ ಮರಳಿ ತಾರದು. ಮನೆಯವರ ಪಾಲಿನದೂ ಸ್ವಲ್ಪವಿದೆ. ಟಿ.ವಿ. ತಗ್ಗಿಸುವುದು, ಅಡುಗೆಮನೆಯಿಂದ ಕೂಗುವ ಬದಲು ಎದುರಿಗೆ ಬಂದು ಹೇಳುವುದು, ಅರ್ಥವಾಗದಿದ್ದಾಗ ಅದೇ ಮಾತನ್ನು ಇನ್ನೂ ಜೋರಾಗಿ ಅರಚದೆ ಬೇರೆ ಪದದಲ್ಲಿ ಹೇಳುವುದು. ‘ಸೊಪ್ಪು’ ತಿಳಿಯದಿದ್ದರೆ ‘ದಂಟು, ಕೀರೆ’ ಎಂದರೆ ತಿಳಿದೀತು. ಅರಚಿದರೆ ಸ್ವರಗಳು ಮಾತ್ರ ಹಿಗ್ಗುತ್ತವೆ, ವ್ಯಂಜನ ಇದ್ದಲ್ಲೇ ಇರುತ್ತದೆ.

2020ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗ, ಮರೆಗುಳಿ ರೋಗದ ತಡೆಯಬಹುದಾದ ಅಪಾಯಗಳಲ್ಲಿ ಶ್ರವಣದೋಷವನ್ನು ದೊಡ್ಡದೊಂದಾಗಿ ಎಣಿಸಿತು. ಅದರ ಬಳಿಕ ಯಂತ್ರ ಹಾಕಿದರೆ ಮರೆವು ಬಾರದು ಎಂಬ ಜಾಹೀರಾತುಗಳೂ ಹುಟ್ಟಿಕೊಂಡವು. ಅಷ್ಟು ದೊಡ್ಡ ಭರವಸೆಗೆ ಪುರಾವೆ ಇಲ್ಲ. 2023ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಂಡದ್ದು ಮೊದಲೇ ಅಪಾಯ ಹೆಚ್ಚಿದ್ದ ಹಿರಿಯರ ಗುಂಪಿನಲ್ಲಿ ಮಾತ್ರ.

ಒಂದು ತಿಂಗಳ ಬಳಿಕ ಯಂತ್ರ ಹೊಂದಿಸಲು ಆಡಿಯಾಲಜಿಸ್ಟರು ಮತ್ತೆ ಕರೆಯುತ್ತಾರೆ. ‘ದಿನಾ ಹಾಕ್ಕೊಳ್ತಿದ್ದೀರಾ ತಾತ?’ ‘ಹೂಂ, ಬೆಳಿಗ್ಗೆಯಿಂದ ರಾತ್ರಿ ತನಕ.’ ಈಗಿನ ಡಿಜಿಟಲ್ ಯಂತ್ರಗಳಲ್ಲಿ ಅನೇಕವು ತಾವು ದಿನಕ್ಕೆಷ್ಟು ಹೊತ್ತು ಚಾಲೂ ಇದ್ದೆವೆಂದು ಲೆಕ್ಕ ಇಟ್ಟಿರುತ್ತವೆ ಎಂಬುದು ತಾತನಿಗೆ ಗೊತ್ತಿಲ್ಲ. ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಪರದೆಯ ಮೇಲೆ ಅಂಕಿ ಮೂಡುತ್ತದೆ: ಸರಾಸರಿ 40 ನಿಮಿಷ. ಜತೆಗೆ ಬಂದ ಸೊಸೆ ಬಾಯಿ ತೆರೆಯುವ ಮುಂಚೆಯೇ ತಾತ ಕಿಟಕಿಯಾಚೆ ನೋಡತೊಡಗುತ್ತಾರೆ. ಈ ಸಲದ್ದು ಮಾತ್ರ ಜಾಣಕಿವುಡೇ.